ತಿದ್ದಪ್ಪನೂ ಅತ್ತೆಯ ಮೂರನೇ ಪೆಟ್ಟೂ

ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ತಿದ್ದಪ್ಪ ಅಂತ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಆದರೆ ಅದು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು. ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವುದು ಅವನ ಕೆಲಸ. ಔಷಧದ ಡಬ್ಬಿಯೊಳಗೆ ಮಡಿಸಿಡುವ ಚೀಟಿ, ಬಸ್ಸಿನ ವೇಳಾಪಟ್ಟಿ, ಮಕ್ಕಳ ಲೆಕ್ಕದ ಪುಸ್ತಕ, ಸತ್ತವರ ಪ್ರಕಟಣೆ, ಯಾವುದೇ ಇರಲಿ, ಅವನ ಕೆಂಪು ಪೆನ್ನಿನ ಕೆಳಗೆ ನುಸುಳಿಯೇ ಹೊರಗೆ ಹೋಗಬೇಕು. ಆ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಒಪ್ಪಬೇಕು. ತೊಂದರೆ ಏನೆಂದರೆ, ಸಂಜೆ ಮುದ್ರಣಾಲಯದ ಬಾಗಿಲು ಹಾಕಿದ ಮೇಲೂ ಆ ಕೆಂಪು ಪೆನ್ನು ಅಂಗಿಯ ಜೇಬಿನಲ್ಲಿ ಕೂತು ಮನೆಗೆ ಬರುತ್ತಿತ್ತು.

ಮದುವೆ ಗೊತ್ತಾದಾಗ ಹುಡುಗಿ ನಾಚಿಕೊಂಡು ಬರೆದ ಮೊದಲ ಕಾಗದವನ್ನು ಅವನು ಓದಿದ್ದು ಹೇಗೆ ಗೊತ್ತೆ? ಒತ್ತಕ್ಷರಗಳನ್ನೆಲ್ಲ ಸರಿಮಾಡಿ, ಅಂಚಿನಲ್ಲಿ ‘ಕನಸು ಎರಡು ಸಲ ಬಂದಿದೆ, ಒಂದು ಸಾಕು’ ಎಂದು ಬರೆದು, ಅವಳಿಗೇ ವಾಪಸು ಕಳಿಸಿದ್ದ. ಆಮೇಲೂ ಅವಳು ಅವನನ್ನೇ ಮದುವೆಯಾದಳು. ಯಾಕೆ ಅಂತ ಕೇಳಿದವರಿಗೆ, “ಕಾರ್ಡು ಹಂಚಿ ಆಗಿತ್ತಲ್ಲ” ಅನ್ನುತ್ತಿದ್ದಳು. ಎರಡನೇ ಕಾಗದವನ್ನಂತೂ ಬರೆಯಲಿಲ್ಲ.

ಅದೇ ಬೀದಿಯಲ್ಲಿ ನಾಲ್ಕು ಮನೆ ಆಚೆಗೆ ಅವನ ಸೋದರತ್ತೆ ಇದ್ದಳು. ಮದುವೆಯ ಗೋಜಿಗೆ ಹೋಗದವಳು, ನಾಲಿಗೆ ಚುರುಕು, ತನ್ನ ಬೆಲೆ ತನಗೆ ಗೊತ್ತು. ಇದ್ದದ್ದಕ್ಕಿಂತ ತುಸು ಹೆಚ್ಚಾಗಿಯೇ ಗೊತ್ತು ಅಂತಲೂ ಕೆಲವರು ಹೇಳುತ್ತಿದ್ದರು. ನೃತ್ಯಶಾಲೆಯೊಂದರಲ್ಲಿ ಪಿಯಾನೋ ಬಾರಿಸುವುದು ಅವಳ ಉದ್ಯೋಗ. ಶಾಲೆ ಅಂದರೆ ಸೈಕಲ್ ಅಂಗಡಿಯ ಮೇಲಿನ ಉದ್ದನೆಯ ಒಂದು ಕೋಣೆ. ಒಂದು ಗೋಡೆಗೆ ಪೂರ್ತಿ ಕನ್ನಡಿ, ಎದುರು ಗೋಡೆಗೆ ಹಿಡಿದುಕೊಳ್ಳಲು ಮರದ ಕಂಬಿ, ಮೂಲೆಯಲ್ಲಿ ಅತ್ತೆ. ಹಳೆಯ ಪಿಯಾನೋ ಕೈಕೊಟ್ಟ ಮೇಲೆ ಟೀಚರಮ್ಮ, ಅಂದರೆ ಶಾಲೆ ನಡೆಸುವಾಕೆ, ಕರೆಂಟಿನ ಕೀಬೋರ್ಡ್ ತಂದಿಟ್ಟಿದ್ದರು. ಅತ್ತೆ ಕೀಗಳನ್ನು ನೋಡಿ ಬಾರಿಸಿದ್ದನ್ನು ಯಾರೂ ಕಂಡಿಲ್ಲ. ಅವಳ ಕಣ್ಣು ಹುಡುಗಿಯರ ಪಾದದ ಮೇಲೆ, ಬಾಯಿ ಅವರ ಬೆನ್ನಿನ ಮೇಲೆ. “ಏ ಹಸಿರು ರಿಬ್ಬನ್, ಮಂಡಿ ಮಡಿಸು! ನೆಲ ಎಲ್ಲೂ ಓಡಿಹೋಗಲ್ಲ, ನಿಧಾನಕ್ಕೆ ಇಳಿ!”

ಹುಡುಗಿಯರ ಮಂಡಿಯ ಮೇಲೆ ಇಷ್ಟು ನಿಗಾ ಇಟ್ಟವಳಿಗೆ ತನ್ನ ಮಂಡಿಯೇ ಕೈಕೊಟ್ಟಿತು. ಬಲಗಾಲಿಗೆ ಆಪರೇಷನ್ ಆಗಲೇಬೇಕು, ಆಮೇಲೆ ಒಂದೂವರೆ ತಿಂಗಳು ಕಾಲು ಚಾಚಿಕೊಂಡೇ ಇರಬೇಕು ಎಂದರು ಡಾಕ್ಟರು. ಶಾಲೆಯ ವಾರ್ಷಿಕ ಪ್ರದರ್ಶನ ಸರಿಯಾಗಿ ಆ ನಡುವೆ ಬಂದಿತ್ತು. ಸಭಾಂಗಣ ಗೊತ್ತುಮಾಡಿ ಆಗಿದೆ, ಉಡುಪು ಹೊಲಿಸಿ ಆಗಿದೆ. ಟೀಚರಮ್ಮ ತಲೆಮೇಲೆ ಕೈಹೊತ್ತು ಅತ್ತೆಯ ಮನೆಯಲ್ಲಿ ಕೂತಿದ್ದಾಗ, ಕರೆಯದೇ ಬಂದವನು ತಿದ್ದಪ್ಪ.

“ಇಷ್ಟಕ್ಕೆಲ್ಲ ಯಾಕೆ ಯೋಚನೆ? ನನ್ನ ಹತ್ತಿರ ಸೀಕ್ವೆನ್ಸರ್ ಇದೆ” ಅಂದ.

ಹೋಟೆಲಿನಲ್ಲಿ ಬಾರಿಸುತ್ತಿದ್ದ ವಾದ್ಯದ ತಂಡವೊಂದು ಜಗಳವಾಡಿ ಒಡೆದುಹೋದಾಗ ಅವನು ಅದನ್ನು ಕೊಂಡಿದ್ದ. ಊಟದ ಡಬ್ಬಿಯಷ್ಟು ದೊಡ್ಡ ಬೂದು ಪೆಟ್ಟಿಗೆ, ಮೈತುಂಬ ಗುಂಡಿಗಳು, ಹಸಿರು ಅಕ್ಷರ ಮಿನುಗುವ ಸಣ್ಣದೊಂದು ಕಿಂಡಿ, ಪಕ್ಕದಲ್ಲಿ ಫ್ಲಾಪಿ ತೂರಿಸಲು ಬಾಯಿ. ಸಂಗೀತ ಅವನಿಗೆ ಅಷ್ಟಕ್ಕಷ್ಟೆ. ಆದರೆ ಪೆಟ್ಟಿಗೆಯ ಜೊತೆ ಬಂದ ಕೈಪಿಡಿಯನ್ನು ಮೊದಲಿಂದ ಕೊನೆಯವರೆಗೆ ಓದಿ, ಅದರ ಅಚ್ಚಿನ ತಪ್ಪುಗಳನ್ನೆಲ್ಲ ಕೆಂಪಿನಲ್ಲಿ ಗುರುತು ಮಾಡಿ, ತಯಾರಿಸಿದ ಕಂಪನಿಗೆ ಅಂಚೆಯಲ್ಲಿ ಕಳಿಸಿದ್ದ. ಉತ್ತರ ಬಂದಿರಲಿಲ್ಲ. ಅದು ಕಂಪನಿಯ ಸಂಸ್ಕಾರ ಎಂತಹದೆಂದು ತೋರಿಸುತ್ತದೆ ಅಂತ ಅವನ ಅಭಿಪ್ರಾಯ.

“ಟೇಪ್‌ರೆಕಾರ್ಡರ್ ತಾನೆ?” ಎಂದಳು ಅತ್ತೆ.

“ಅಲ್ಲವೇ ಅಲ್ಲ. ಇದರೊಳಗೆ ಶಬ್ದ ಅನ್ನೋದೇ ಇರಲ್ಲ ಅತ್ತೆ. ನೀವು ಯಾವ ಕೀ ಒತ್ತಿದಿರಿ, ಯಾವಾಗ ಒತ್ತಿದಿರಿ, ಎಷ್ಟು ಜೋರಾಗಿ ಒತ್ತಿದಿರಿ, ಯಾವಾಗ ಬಿಟ್ಟಿರಿ, ಪೆಡಲ್ ಯಾವಾಗ ತುಳಿದಿರಿ, ಇಷ್ಟನ್ನೇ ಅಂಕಿಯಲ್ಲಿ ಬರೆದಿಟ್ಟುಕೊಳ್ಳುತ್ತೆ. ಆಮೇಲೆ ಅದೇ ಪ್ರಕಾರ ಕೀಬೋರ್ಡಿಗೆ ಹುಕುಂ ಕೊಡುತ್ತೆ. ಬಾರಿಸೋದು ಕೀಬೋರ್ಡೇ, ಕೈ ಮಾತ್ರ ಇರಲ್ಲ.”

“ಅಂದರೆ ನನ್ನ ಮೇಲೆ ಚಾಡಿ ಬರೆದಿಡುತ್ತೆ ಅನ್ನು.”

“ತಾಳದ ಒಂದೊಂದು ಪೆಟ್ಟನ್ನೂ ತೊಂಬತ್ತಾರು ಚೂರು ಮಾಡಿ, ಯಾವ ಚೂರಿನಲ್ಲಿ ನಿಮ್ಮ ಬೆರಳು ಬಿತ್ತು ಅಂತ ಗುರುತು ಹಾಕುತ್ತೆ!”

“ಒಳ್ಳೇ ನಾದಿನಿ ಥರ ಇದೆಯಲ್ಲೋ” ಎಂದಳು ಅತ್ತೆ. ಆದರೂ ಒಪ್ಪಿದಳು. ಬೇರೆ ದಾರಿ ಇರಲಿಲ್ಲ.

ಮುಂದಿನ ಭಾನುವಾರ ಕೀಬೋರ್ಡನ್ನು ಅತ್ತೆಯ ಮನೆಗೇ ಹೊತ್ತು ತಂದರು. ತಿದ್ದಪ್ಪ ತಂತಿ ಚುಚ್ಚಿದ, ಗುಂಡಿ ಒತ್ತಿದ, ಪೆಟ್ಟಿಗೆ ಎಣಿಕೆ ಹಿಡಿಯಲೆಂದು ಟಿಕ್ ಟಿಕ್ ಅನ್ನತೊಡಗಿತು. ಅತ್ತೆ ಕಣ್ಣು ಮುಚ್ಚಿ, ಕಣ್ಣೆದುರಿಗೆ ಹುಡುಗಿಯರ ಪಾದಗಳನ್ನು ತಂದುಕೊಂಡು, ಪ್ರದರ್ಶನದ ಎಲ್ಲ ಕುಣಿತಗಳನ್ನೂ ಒಂದೊಂದಾಗಿ ಬಾರಿಸಿದಳು. ನಡುನಡುವೆ “ಹಾಂ, ಈಗ ಕುಳ್ಳಿ ಬರ್ತಾಳೆ, ಅವಳಿಗೆ ಜಾಗ ಬಿಡಬೇಕು” ಅಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಬಲಗಾಲು ನೋಯುತ್ತಿದ್ದರೂ ಹಲ್ಲು ಕಚ್ಚಿ ಪೆಡಲ್ ತುಳಿದಳು. ಮುಗಿದ ಮೇಲೆ ತಿದ್ದಪ್ಪ ಗುಂಡಿ ಒತ್ತಿದ. ಯಾರೂ ಮುಟ್ಟದ ಕೀಬೋರ್ಡಿನಿಂದ ಅತ್ತೆಯ ಕೈ ಹಾಗೇ ಹೊರಗೆ ಬಂತು. ಟೀಚರಮ್ಮ ಬೆರಗಾಗಿ ಅತ್ತೆಯ ಮಡಿಲಲ್ಲಿದ್ದ ಕೈಗಳನ್ನೊಮ್ಮೆ, ಪೆಟ್ಟಿಗೆಯನ್ನೊಮ್ಮೆ ನೋಡಿದರು. ಅತ್ತೆ ತಲೆ ವಾಲಿಸಿ ಕೇಳಿ, “ಪರವಾಗಿಲ್ಲ, ನಾನು ಚೆನ್ನಾಗೇ ಬಾರಿಸ್ತೀನಿ” ಅಂದಳು. ಮರುದಿನ ಆಸ್ಪತ್ರೆ ಸೇರಿದಳು.

ಅಲ್ಲಿಗೆ ಬಿಟ್ಟಿದ್ದರೆ ಅವನು ತಿದ್ದಪ್ಪ ಹೇಗಾದಾನು?

ಪೆಟ್ಟಿಗೆಯ ಕಿಂಡಿಯಲ್ಲಿ ಬಾರಿಸಿದ ಪ್ರತಿ ಸ್ವರದ ಅಂಕಿಯನ್ನೂ ಸಾಲಾಗಿ ನೋಡಬಹುದಿತ್ತು. ಅವನು ಸುಮ್ಮನೆ ಒಂದು ಕಣ್ಣು ಹಾಯಿಸಲು ಕೂತ. ಕೂತವನ ಬೆನ್ನು ನೆಟ್ಟಗಾಯಿತು. ಮೂರು ಪೆಟ್ಟಿನ ಕುಣಿತದಲ್ಲಿ ಅತ್ತೆಯ ಮೂರನೇ ಪೆಟ್ಟು ಒಂದು ಸಲವೂ ತನ್ನ ಜಾಗದಲ್ಲಿ ಬಿದ್ದಿರಲಿಲ್ಲ. ಒಮ್ಮೆ ಏಳು ಚೂರು ತಡ, ಒಮ್ಮೆ ಹನ್ನೊಂದು ಚೂರು ತಡ. ಜೋರು ಮೆತ್ತಗೆ ಅನ್ನುವುದಕ್ಕೂ ಲಂಗುಲಗಾಮಿಲ್ಲ, ಒಂದು ಸ್ವರ ಗುದ್ದಿದಂತೆ, ಪಕ್ಕದ್ದು ಸವರಿದಂತೆ.

“ನೋಡೇ ಇಲ್ಲಿ” ಎಂದು ಹೆಂಡತಿಯನ್ನು ಕರೆದ. “ಪುಟಪುಟವೂ ತಪ್ಪು! ಇಷ್ಟು ವರ್ಷ ಯಾರೂ ಹಿಡಿದೇ ಇಲ್ಲವಲ್ಲ!”

“ಕೇಳೋಕೆ ಚೆನ್ನಾಗಿತ್ತಲ್ಲ” ಎಂದಳು ಅವಳು, ಬಟ್ಟೆ ಮಡಿಸುತ್ತ.

“ಕಿವಿಗೆ ಏನು ಗೊತ್ತಾಗುತ್ತೆ?”

ಪೆಟ್ಟಿಗೆಯಲ್ಲಿ ಅದಕ್ಕೊಂದು ಗುಂಡಿಯೇ ಇತ್ತು. ಒತ್ತಿದರೆ ಅತ್ತಿತ್ತ ಬಿದ್ದ ಸ್ವರಗಳೆಲ್ಲ ಕತ್ತು ಹಿಡಿದು ಎಳೆದಂತೆ ಹತ್ತಿರದ ಗೆರೆಗೆ ಬಂದು ನಿಲ್ಲುತ್ತವೆ. ತಿದ್ದಪ್ಪ ಒತ್ತಿದ. ಒತ್ತುವಾಗ ಅವನ ಮುಖದಲ್ಲಿದ್ದ ಸುಖವನ್ನು ಹೆಂಡತಿ ಮದುವೆಯಾದಾಗಿನಿಂದ ಕಂಡಿರಲಿಲ್ಲವಂತೆ. ಎಲ್ಲ ಸ್ವರಗಳ ಜೋರನ್ನೂ ಒಂದೇ ಅಂಕಿಗೆ ತಂದ. ಎರಡು ಕೈಯೂ ಕಲಸಿಕೊಂಡಿವೆ ಅಂತ ಬಿಡಿಸಿ, ಸ್ವರ ಬೇರೆಬೇರೆಯಾಗಿ ಇಡಲು ಪೆಟ್ಟಿಗೆಯಲ್ಲಿದ್ದ ಹದಿನಾರು ಸಾಲುಗಳಲ್ಲಿ ಬಲಗೈಯನ್ನು ಒಂದನೇ ಸಾಲಿಗೂ ಎಡಗೈಯನ್ನು ಹತ್ತನೇ ಸಾಲಿಗೂ ಹಾಕಿದ. ಎರಡನೇ ಸಾಲಿಗೇ ಹಾಕಬಹುದಿತ್ತು. ಆದರೆ ಅವನಿಗೆ ನಡುವೆ ಧಾರಾಳ ಖಾಲಿ ಜಾಗ ಇದ್ದರೇ ಪುಟ ಪುಟದಂತೆ ಕಾಣುವುದು. ಕೊನೆಗೆ ಪೆಟ್ಟಿಗೆ ಕೇಳಿತು: ಹಳೆಯದರ ಮೇಲೆಯೇ ಬರೆಯಲೇ? ತಿದ್ದಿದ ಮೇಲೆ ಹಳೆಯ ಕರಡು ಕಸದ ಬುಟ್ಟಿಗೆ ಹೋಗುವುದು ಮುದ್ರಣಾಲಯದ ಪದ್ಧತಿ. ಅವನು ‘ಹೌದು’ ಒತ್ತಿದ.

ಮೊದಲ ತಾಲೀಮಿನಲ್ಲೇ ಬಣ್ಣ ಬಯಲಾಯಿತು. ಪೆಟ್ಟಿಗೆ ಒಂದು ಎರಡು ಮೂರು, ಒಂದು ಎರಡು ಮೂರು ಎಂದು ಮೊಳೆ ಹೊಡೆದಂತೆ ಬಾರಿಸಿತು. ಹುಡುಗಿಯರು ಹಾರಿ ಗಾಳಿಯಲ್ಲಿದ್ದಾಗಲೇ ಮೂರನೇ ಪೆಟ್ಟು ಬಿದ್ದು ಮುಗಿದುಹೋಗುತ್ತಿತ್ತು. ಕಾಲು ನೆಲ ಮುಟ್ಟುವಷ್ಟರಲ್ಲಿ ಮುಂದಿನ ಒಂದು ಬಂದು ಬಾಗಿಲು ತಟ್ಟುತ್ತಿತ್ತು. ಕುಳ್ಳ ಹುಡುಗಿ ಉದ್ದದವಳಿಗೆ ಡಿಕ್ಕಿ ಹೊಡೆದಳು. ಹಸಿರು ರಿಬ್ಬನಿನವಳು ಕಂಬಿ ಹಿಡಿದು ನಿಂತೇಬಿಟ್ಟಳು.

“ಇದು ಕುಣಿತವಾ, ಪೊಲೀಸರ ಕವಾಯತಾ?” ಎಂದರು ಟೀಚರಮ್ಮ. “ಮೊನ್ನೆ ಕೇಳಿಸಿದ್ದು ಹೀಗಿರಲಿಲ್ಲವಲ್ಲ.”

“ಮೊನ್ನೆಯದರಲ್ಲಿ ತಪ್ಪಿತ್ತು. ತಿದ್ದಿದ್ದೀನಿ.”

“ನಮಗೆ ಆ ತಪ್ಪಿರೋದೇ ಕೊಡಿ ಸಾರ್.”

ತಿದ್ದಪ್ಪನಿಗೆ ತಪ್ಪಿರುವುದು ಈಗ ಎಲ್ಲಿಯೂ ಇಲ್ಲ ಎಂದು ಹೇಳುವ ಧೈರ್ಯ ಬರಲಿಲ್ಲ. “ಒಂದು ದಿನ ಕೊಡಿ” ಎಂದು ಹೊರಟ. ಕೈಪಿಡಿ ಹುಡುಕಿದ. ಇನ್ನೊಂದು ಗುಂಡಿ ಸಿಕ್ಕಿತು: ನೆಟ್ಟಗಿರುವ ಸ್ವರಗಳನ್ನು ಮನುಷ್ಯರು ಬಾರಿಸಿದಂತೆ ಸ್ವಲ್ಪ ಸ್ವಲ್ಪ ಅಲುಗಾಡಿಸುವ ಗುಂಡಿ. ಯಾರು ಎಲ್ಲಿ ಯಾಕೆ ತಡಮಾಡಿದರು ಅನ್ನುವುದು ಆ ಗುಂಡಿಗೆ ಬೇಕಿಲ್ಲ, ಕಣ್ಣುಮುಚ್ಚಿ ಸಿಕ್ಕಿದ್ದನ್ನು ಅತ್ತ ಇತ್ತ ನೂಕುತ್ತದೆ ಅಷ್ಟೆ. ಮರುದಿನ ಶಾಲೆಯಲ್ಲಿ ಕೇಳಿಸಿದ ಸಂಗೀತ ಕುಡಿದು ಮೆಟ್ಟಿಲಿಳಿಯುವವನ ಹೆಜ್ಜೆಯಂತಿತ್ತು. ಹುಡುಗಿಯರು ನಗುತ್ತ ನೆಲದ ಮೇಲೆ ಕೂತುಬಿಟ್ಟರು.

ಆಗಲಾದರೂ ಅವನು ಬಾಲ ಮುದುರಿಕೊಳ್ಳಬೇಕಿತ್ತು. ಬದಲಿಗೆ ಅಲುಗಾಡಿಸಿದ್ದನ್ನು ಅಳಿಸಿ ಮತ್ತೆ ನೆಟ್ಟಗೆ ಮಾಡಿಕೊಂಡ. ಸೀಮೆಸುಣ್ಣ ತೆಗೆದುಕೊಂಡು ಶಾಲೆಯ ನೆಲದ ಮೇಲೆ ಚೌಕ ಎಳೆದ. ಸಂಗೀತ ಸರಿಯಿದೆ, ಕಾಲುಗಳನ್ನು ತಿದ್ದಬೇಕಷ್ಟೆ ಎಂಬುದು ಅವನ ಹೊಸ ಸಂಶೋಧನೆ. “ಮೂರು ಅಂದಾಗ ಇಲ್ಲಿರಬೇಕು ಕಾಲು, ಆಚೆ ಈಚೆ ಆಗಬಾರದು” ಎಂದು ಬಗ್ಗಿ ತೋರಿಸಿದ. ಪ್ರದರ್ಶನಕ್ಕೆ ಒಂದೇ ವಾರ ಉಳಿದಿತ್ತು. ಆಸ್ಪತ್ರೆಯಲ್ಲಿದ್ದ ಅತ್ತೆಗೆ ಹೇಳಿ ಅವಳ ನೆಮ್ಮದಿ ಕೆಡಿಸುವುದು ಟೀಚರಮ್ಮನಿಗೆ ಇಷ್ಟವಿರಲಿಲ್ಲ. ಹಲ್ಲು ಕಚ್ಚಿಕೊಂಡು ಹುಡುಗಿಯರಿಗೆ ಹಾರುವುದನ್ನು ಬಿಡಿಸಿ, ಬರೀ ಹೆಜ್ಜೆ ಹಾಕುವುದನ್ನು ಹೇಳಿಕೊಟ್ಟರು. ಹೇಗೋ ಒಂದು ರೂಪಕ್ಕೆ ಬಂತು.

ಪ್ರದರ್ಶನದ ಸಂಜೆ ಸಭಾಂಗಣ ತುಂಬಿತ್ತು. ಅಪ್ಪ ಅಮ್ಮ, ಚಿಕ್ಕಮ್ಮ ಮಾವ, ತೊಡೆಯ ಮೇಲೆ ಕೂಸುಗಳು. ಸಭಾಂಗಣದಲ್ಲೇ ಹೊಸ ಮಾದರಿಯ ಕೀಬೋರ್ಡ್ ಇದೆ ಅಂತ ತಿಳಿದು ತಿದ್ದಪ್ಪ ಶಾಲೆಯದನ್ನು ಹೊತ್ತು ತರಲು ಬಿಟ್ಟಿರಲಿಲ್ಲ. “ಅಂಕಿ ಅಂಕಿಯೇ. ಯಾವುದಕ್ಕೆ ಚುಚ್ಚಿದರೂ ಒಂದೇ” ಎಂದಿದ್ದ. ಕೋಟು ಹಾಕಿಕೊಂಡು ವೇದಿಕೆಯ ಪಕ್ಕದಲ್ಲಿ, ಜನಕ್ಕೆ ಕಾಣುವಂತೆ, ಪೆಟ್ಟಿಗೆಯ ಮುಂದೆ ನಿಂತ. ಪರದೆ ಸರಿಯಿತು. ಬಿಳಿ ಉಡುಪಿನ ಹುಡುಗಿಯರು ಬೆಳಗಿನ ಮಂಜಿನಂತೆ ತೇಲಿ ಬರಬೇಕಾದ ಕುಣಿತ. ತಿದ್ದಪ್ಪ ಗುಂಡಿ ಒತ್ತಿದ.

ಬಲಗೈ ಪಿಯಾನೋವಾಗಿಯೇ ಬಂತು. ಎಡಗೈ ಬಂದದ್ದು ಬೇರೆ ವೇಷದಲ್ಲಿ. ಶಾಲೆಯ ಕೀಬೋರ್ಡಿಗೆ ಎಲ್ಲ ಸಾಲೂ ಪಿಯಾನೋವೇ ಆಗಿತ್ತು, ಆದರೆ ಆ ಹೊಸ ಕೀಬೋರ್ಡಿನಲ್ಲಿ ಹತ್ತನೇ ಸಾಲು ತಾಳವಾದ್ಯಗಳಿಗೇ ಮೀಸಲು. ಅಲ್ಲಿ ಒಂದೊಂದು ಕೀಗೆ ಒಂದೊಂದು ಬಡಿಯುವ ಸಾಮಾನು. ಪೆಟ್ಟಿಗೆಯೊಳಗೆ ಇರುವುದು ‘ಇಂಥ ಕೀ ಒತ್ತು’ ಎಂಬ ಹುಕುಂ ಮಾತ್ರ, ಒತ್ತಿದರೆ ಏನು ಸದ್ದಾಗಬೇಕು ಅನ್ನುವುದು ಎದುರಿನ ವಾದ್ಯದ ಇಷ್ಟ. ಹೀಗಾಗಿ ಅತ್ತೆಯ ಎಡಗೈಯ ಮೆಲ್ಲನೆಯ ಓಲಾಟ ಡೋಲು, ಚಪ್ಪಾಳೆ, ದನದ ಕೊರಳ ಗಂಟೆಯಾಗಿ ಸಭಾಂಗಣಕ್ಕೆ ಇಳಿಯಿತು. ಡಬ್, ಚಟ್, ಟೊಣ್. ಡಬ್, ಚಟ್, ಟೊಣ್. ನಡುನಡುವೆ ತಟ್ಟೆ ಎತ್ತಿ ಹಾಕಿದಂತೆ ಒಂದು ಝಣ್.

ಮಂಜಿನ ಹುಡುಗಿಯರು ಒಂದು ಕ್ಷಣ ತಬ್ಬಿಬ್ಬಾದರು. ಜನರಲ್ಲಿ ಯಾರೋ ಕಿಸಕ್ಕೆಂದರು. ಗಂಟೆ ಬಾರಿಸಿದಾಗಲೆಲ್ಲ ಕುಳ್ಳ ಹುಡುಗಿ ಸುಮ್ಮನಿರಲಾರದೆ ಕರುವಿನಂತೆ ತಲೆ ಆಡಿಸಿದಳು. ಅಷ್ಟೇ ಸಾಕಾಯಿತು, ಇಡೀ ಸಭಾಂಗಣ ಗೊಳ್ಳೆಂದಿತು. ತಿದ್ದಪ್ಪ ಬೆವರಿ, ನಿಲ್ಲಿಸಲು ಹೋಗಿ, ಗುಂಡಿಯ ಬದಲು ವೇಗದ ಚಕ್ರ ತಿರುಗಿಸಿದ. ಸ್ವರ ಕೂದಲೆಳೆಯಷ್ಟೂ ಏರದೆ ಓಟ ಮಾತ್ರ ಇಮ್ಮಡಿಯಾಯಿತು. ಡಬ್‌ಚಟ್‌ಟೊಣ್ ಡಬ್‌ಚಟ್‌ಟೊಣ್. ಹುಡುಗಿಯರು ಕಲಿತದ್ದನ್ನೆಲ್ಲ ಗಾಳಿಗೆ ತೂರಿ ಖುಷಿಯಾಗಿ ಹಾರತೊಡಗಿದರು. ಎರಡನೇ ಕುಣಿತವೂ ಹೀಗೇ, ಮೂರನೆಯದೂ ಹೀಗೇ. ಕೊನೆಯಲ್ಲಿ ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಟೀಚರಮ್ಮ ಪರದೆಯ ಹಿಂದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು.

ಹೊರಗೆ ಹುಡುಗಿಯೊಬ್ಬಳ ಅಪ್ಪ ತಿದ್ದಪ್ಪನ ಕೈ ಹಿಡಿದು ಕುಲುಕಿದ. “ಹೊಟ್ಟೆ ಹುಣ್ಣಾಗೋ ಹಾಗೆ ನಗಿಸಿದಿರಿ ಸಾರ್. ಇಂಥ ಹಾಸ್ಯ ನೋಡಿ ಎಷ್ಟು ಕಾಲ ಆಗಿತ್ತು!”

“ಅದು ಹಾಸ್ಯ ಅಲ್ಲ. ಹತ್ತನೇ ಸಾಲಿನ ದೋಷ.”

“ನೋಡಿ, ಹೇಳುವಾಗಲೂ ಮುಖ ಎಷ್ಟು ಗಂಭೀರ!” ಎಂದು ಅವನು ಇನ್ನಷ್ಟು ನಕ್ಕ.

ಆ ಹೊತ್ತಿಗೆ ಅತ್ತೆ ಆಸ್ಪತ್ರೆಯಿಂದ ಮನೆಗೆ ಬಂದು, ಬಲಗಾಲನ್ನು ದಿಂಬಿನ ಮೇಲಿಟ್ಟು ಮಲಗಿದ್ದಳು. ಮರುದಿನ ಬೆಳಿಗ್ಗೆ ತಿದ್ದಪ್ಪನ ಹೆಂಡತಿ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಹೇಳಿದಳು ಅಂದರೆ ತಪ್ಪಾದೀತು, ಆಡಿ ತೋರಿಸಿದಳು. ಡಬ್‌ಗೆ ಮಂಚ ತಟ್ಟಿ, ಟೊಣ್‌ಗೆ ಲೋಟಕ್ಕೆ ಚಮಚ ಬಡಿದು, ಗಂಡ ಚಕ್ರ ತಿರುಗಿಸಿದ್ದನ್ನು ಎರಡು ಸಲ. ಅತ್ತೆ ಮಂಡಿ ಹಿಡಿದುಕೊಂಡು, “ಸಾಕು ಮಾರಾಯ್ತಿ, ಹೊಲಿಗೆ ಬಿಚ್ಚಿಹೋಗುತ್ತೆ” ಅನ್ನುವವರೆಗೂ ನಕ್ಕಳು.

ಸಂಜೆ ತಿದ್ದಪ್ಪ ಬಂದಾಗ ಮಾತ್ರ ಅವಳು ನಗಲಿಲ್ಲ.

“ನಾನು ಬಾರಿಸಿದ್ದೆನಲ್ಲ ಆ ಭಾನುವಾರ, ಅದೆಲ್ಲಿದೆಯೋ?”

“ಅದನ್ನೇ ತಿದ್ದಿ...”

“ತಿದ್ದಿದ್ದು ಕೇಳ್ತಿಲ್ಲ. ನಾನು ಬಾರಿಸಿದ್ದು.”

ಅವನು ಜೇಬಿನಲ್ಲಿದ್ದ ಪೆನ್ನಿನ ಕ್ಯಾಪನ್ನು ತೆಗೆದು ಹಾಕಿ ತೆಗೆದು ಹಾಕಿ ಮಾಡಿದ. “ಇಲ್ಲ ಅತ್ತೆ. ಅದರ ಮೇಲೆಯೇ ಬರೆದೆ.”

ಅತ್ತೆ ದಿಂಬಿನ ಮೇಲಿನ ಕಾಲನ್ನು ತುಸು ಸರಿಸಿಕೊಂಡಳು. “ಈ ಕಾಲಲ್ಲಿ ಇನ್ನು ಪೆಡಲ್ ತುಳಿಯೋದು ಕಷ್ಟ ಅಂದಿದ್ದಾರೆ ಡಾಕ್ಟರು. ಹೋಗಲಿ, ಪೆಟ್ಟಿಗೆಯಲ್ಲಿ ಒಂದು ಸಲದ್ದಾದರೂ ಇದೆಯಲ್ಲ ಅಂತಿದ್ದೆ.”

ಬೈದಿದ್ದರೆ ತಿದ್ದಪ್ಪ ತಡೆದುಕೊಳ್ಳುತ್ತಿದ್ದ. ಇದಕ್ಕೆ ಅಭ್ಯಾಸಬಲದಿಂದ ವಾದಕ್ಕೇ ಇಳಿದ. “ಆದರೆ ಅತ್ತೆ, ಮೂರನೇ ಪೆಟ್ಟು ಪ್ರತಿ ಸಲ ತಡ ಇತ್ತು. ಒಮ್ಮೆ ಏಳು ಚೂರು, ಒಮ್ಮೆ ಹನ್ನೊಂದು, ಅಂಕಿಯಲ್ಲೇ ಇತ್ತು.”

“ತಡ ಅಲ್ವೋ ಪೆದ್ದೇ, ಕಾಯೋದು ಅದು. ಹುಡುಗಿ ಮೇಲೆ ಹೋಗಿರ್ತಾಳೆ. ಅವಳ ಕಾಲು ನೆಲಕ್ಕೆ ಬರೋ ತನಕ ಕಾಯ್ತೀನಿ. ಕುಳ್ಳಿ ಬೇಗ ಬರ್ತಾಳೆ, ಉದ್ದದವಳು ನಿಧಾನ. ನಿನ್ನ ಪೆಟ್ಟಿಗೆ ಅದನ್ನೂ ಸರಿಯಾಗೇ ಬರೆದುಕೊಂಡಿತ್ತು ನೋಡು, ಏಳು ಅಂತ, ಹನ್ನೊಂದು ಅಂತ. ಅದಕ್ಕಿರೋ ಬುದ್ಧಿ ನಿನಗಿಲ್ಲವಾ?”

ತಿದ್ದಪ್ಪ ತಲೆ ತಗ್ಗಿಸಿದ. ಜೀವನದಲ್ಲಿ ಮೊದಲ ಸಲ ಅವನ ಬಾಯಿಂದ ‘ತಪ್ಪಾಯಿತು’ ಎಂಬ ಮಾತು ತನ್ನ ಲೆಕ್ಕಕ್ಕೇ ಬಂತು. ಬಾಗಿಲ ಬಳಿ ನಿಂತಿದ್ದ ಹೆಂಡತಿ, “ಇನ್ನೊಂದು ಸಲ ಹೇಳ್ರೀ, ಸರಿಯಾಗಿ ಕೇಳಿಸಲಿಲ್ಲ” ಎಂದಳು. ಅವನು ಪಾಪ, ಹೇಳಿದ.

ಅತ್ತೆ ಅಲ್ಲಿಗೇ ಬಿಡುವವಳಲ್ಲ. “ಕೂತ್ಕೋ” ಎಂದಳು. “ಅದರ ಗುಂಡಿಗಳೆಲ್ಲ ಏನೇನು ಮಾಡ್ತಾವೆ ಹೇಳು.” ಮಲಗಿದಲ್ಲೇ ಕಲಿತಳು. ಅವನಿಗೆ ಕೈಪಿಡಿಯ ಪುಟ ಸಂಖ್ಯೆ ಗೊತ್ತಿತ್ತು, ಅತ್ತೆಗೆ ತನಗೆ ಏನು ಬೇಕು ಅನ್ನುವುದು ಗೊತ್ತಿತ್ತು, ಹಾಗಾಗಿ ಬೇಗ ಕಲಿತಳು. ಬಾರಿಸಿದ ಮೇಲೆ ಪೆಡಲನ್ನು ಮಾತ್ರ ಬೇರೆಯಾಗಿ ಇನ್ನೊಂದು ಸಲ ಸೇರಿಸಬಹುದು ಎಂದು ಅವನು ಬಾಯಿತಪ್ಪಿ ಹೇಳಿದಾಗ ಎದ್ದು ಕೂತಳು. “ಇದನ್ನು ಮೊದಲು ಹೇಳೋದು ಬಿಟ್ಟು ತೊಂಬತ್ತಾರು ಚೂರಿನ ಪುರಾಣ ಹೇಳಿದೆಯಲ್ಲೋ!”

ಡಾಕ್ಟರು ಓಡಾಡಬಹುದು ಎಂದ ಮೇಲೆ ಅವಳು ಊರುಗೋಲಿನಲ್ಲಿ ಶಾಲೆಯ ಮೆಟ್ಟಿಲು ಹತ್ತಿದಳು. ಹುಡುಗಿಯರನ್ನು ಎದುರಿಗೆ ಕುಣಿಸಿಕೊಂಡು, ಅವರ ಪಾದ ನೋಡುತ್ತ, ಚಾಚಿದ ಕಾಲಿನಲ್ಲೇ ಎಲ್ಲವನ್ನೂ ಬಾರಿಸಿದಳು. ಆಮೇಲೆ ತನ್ನದನ್ನು ತಾನೇ ಕೇಳುತ್ತ, ಎಡಗಾಲಿನಲ್ಲಿ ಪೆಡಲ್ ತುಳಿದು ಸೇರಿಸಿದಳು. ಫ್ಲಾಪಿಯ ಒಂದು ಪ್ರತಿ ಶಾಲೆಗೆ, ಒಂದು ಟೀಚರಮ್ಮನ ಮನೆಗೆ, ಒಂದು ತನ್ನ ದಿಂಬಿನ ಕೆಳಕ್ಕೆ. ಹುಡುಗಿಯರು ಮತ್ತೆ ಹಾರಿದರು, ಮೂರನೇ ಪೆಟ್ಟು ಅವರಿಗಾಗಿ ಕಾಯಿತು. ಕೊನೆಗೆ ಅತ್ತೆ ಆಸ್ಪತ್ರೆಯಿಂದ ತಂದಿದ್ದ ಅಂಟುಪಟ್ಟಿ ತೆಗೆದು, ಪೆಟ್ಟಿಗೆಯ ಎಲ್ಲ ಗುಂಡಿಗಳ ಮೇಲೂ ಬಿಗಿಯಾಗಿ ಅಂಟಿಸಿದಳು. ಶುರುಮಾಡುವುದೊಂದು, ನಿಲ್ಲಿಸುವುದೊಂದು, ಇಷ್ಟೇ ಹೊರಗುಳಿದದ್ದು.

“ಇನ್ನು ಇದು ನಿನ್ನ ಕೆಲಸ” ಎಂದಳು ತಿದ್ದಪ್ಪನಿಗೆ. “ದಿನಾ ಸಂಜೆ ಬಂದು ಒತ್ತು. ಪಟ್ಟಿ ಕಿತ್ತರೆ ಗೊತ್ತಾಗುತ್ತೆ ನನಗೆ.”

ಈಗ ಅವನು ಕೆಲಸ ಮುಗಿಸಿ ನೇರ ಶಾಲೆಗೆ ಹೋಗುತ್ತಾನೆ. ಒತ್ತುತ್ತಾನೆ, ಕಾಯುತ್ತಾನೆ, ನಿಲ್ಲಿಸುತ್ತಾನೆ. ಕೇಳಿದವರಿಗೆ ‘ನೃತ್ಯಶಾಲೆಯ ಸಂಗೀತದ ಹೊಣೆ ನನ್ನದು’ ಅನ್ನುತ್ತಾನೆ, ಸುಳ್ಳೇನಲ್ಲ. ಸಂಬಳ ಮಾತ್ರ ಮೊದಲಿನಂತೆ ಅತ್ತೆಗೇ ಹೋಗುತ್ತದೆ, ಬಾರಿಸುತ್ತಿರುವವಳು ಅವಳಲ್ಲವೆ?

ಡಾಕ್ಟರ ಮಾತು ಸುಳ್ಳಾಗಿ ಮಂಡಿ ಪೂರ್ತಿ ವಾಸಿಯಾದ ಮೇಲೆ ಟೀಚರಮ್ಮ ಬಂದು, ಮತ್ತೆ ಶಾಲೆಗೆ ಬನ್ನಿ ಎಂದು ಕರೆದರು. ಅತ್ತೆ ಆಶ್ಚರ್ಯದಿಂದ ಹುಬ್ಬೇರಿಸಿದಳು. “ಅಲ್ಲಿ ದಿನಾ ನಾನೇ ಬಾರಿಸ್ತಿದ್ದೀನಲ್ಲಮ್ಮ. ಒಂದು ಶಾಲೆಗೆ ನಾನು ಎಷ್ಟು ಜನ ಬೇಕು?” ಸಂಜೆಗಳು ಖಾಲಿಯಾದ್ದರಿಂದ ಅವಳಿಗೆ ಸಿನಿಮಾ ನೋಡುವ ಚಟ ಹತ್ತಿದೆ. ಒಬ್ಬಳೇ ಹೋಗಲು ಬೇಸರ ಅಂತ ತಿದ್ದಪ್ಪನ ಹೆಂಡತಿಯನ್ನೂ ಕರೆದುಕೊಂಡು ಹೋಗುತ್ತಾಳೆ. ಇಬ್ಬರೂ ಅಳುವ ಸಿನಿಮಾಕ್ಕೆ ಹೋಗಿ ನಕ್ಕುಕೊಂಡು ಬರುತ್ತಾರೆ. ಅವರು ಬರುವ ಹೊತ್ತಿಗೆ ತಿದ್ದಪ್ಪ ಮನೆಯಲ್ಲಿ ಅನ್ನ ಬಿಸಿಮಾಡಿ, ಒಬ್ಬನೇ ಉಂಡು, ತಟ್ಟೆ ತೊಳೆದಿಟ್ಟಿರುತ್ತಾನೆ.